ಭಾವ ವಕೀಲರು, ಬೇರೆ ಸಂಬಂಧ ಇಟ್ಟುಕೊಂಡಿದ್ದಾರೆ. ದೂರು ಕೊಟ್ಟರೆ ಸನ್ನದು ರದ್ದಾಗುತ್ತದಾ?

ನಿಮ್ಮ ಭಾವ ಮನೆ ಬಿಟ್ಟು ಬೇರೊಬ್ಬ ಹೆಂಗಸಿನ ಜೊತೆ ಇದ್ದಾರೆ, ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಟ್ಟರೆ ಅವರ ಸನ್ನದು, ಅಂದರೆ ವಕೀಲಿ ಮಾಡುವ ಪರವಾನಗಿ, ಹೋಗುತ್ತದಾ ಅಂತ ಕೇಳಿದ್ದೀರಿ. ನಾನೂ ಜಿಲ್ಲಾ ಕೋರ್ಟಿನಲ್ಲಿ ವಕೀಲಿ ಮಾಡುವವನು. ಬರೀ ಸಂಬಂಧ ಇದೆ ಅನ್ನುವ ಕಾರಣಕ್ಕೆ ಸನ್ನದು ಹೋಗುವುದು ಕಷ್ಟ. ಆದರೆ ಆ ಹೆಂಗಸು ಯಾರು ಅನ್ನುವುದನ್ನು ನೀವು ಬರೆದೇ ಇಲ್ಲ. ಅಸಲಿ ವಿಷಯ ಇರುವುದು ಅಲ್ಲೇ.

1961ರ ವಕೀಲರ ಕಾಯ್ದೆಯ 35ನೇ ಕಲಂ ವೃತ್ತಿಯಲ್ಲಿ ಮಾಡಿದ ತಪ್ಪಿಗೆ ಮಾತ್ರ ಅಲ್ಲ, 'ಇತರ ದುರ್ನಡತೆ'ಗೂ ಶಿಕ್ಷೆ ಕೊಡಬಹುದು ಅನ್ನುತ್ತದೆ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೇರೆಯವರಿಗೆ ಸರಿ ಅನ್ನಿಸಿಕೊಳ್ಳುವ ನಡತೆಯೂ ವಕೀಲನಿಗೆ ತಕ್ಕದ್ದಲ್ಲ ಅನ್ನಿಸಬಹುದು ಅನ್ನುತ್ತವೆ. ಇಷ್ಟನ್ನೇ ಓದಿದರೆ ಭಾವನ ಕರಿಕೋಟು ನಾಳೆಯೇ ಗೂಟ ಸೇರುತ್ತದೆ ಅನ್ನಿಸುತ್ತದೆ, ಅಲ್ವಾ?

ಕೋರ್ಟುಗಳು ಇದನ್ನು ಅಷ್ಟು ಅಗಲವಾಗಿ ಓದಿಲ್ಲ. ಉತ್ತರ ಪ್ರದೇಶದ ಬದಾಯೂಂನಲ್ಲಿ ಒಬ್ಬ ವಕೀಲ ಕೋರ್ಟ್ ಹಾಲ್ ಒಳಗೇ ಎದುರಾಳಿಗೆ ಚಾಕು ಹಾಕಿದ್ದ, ಶಿಕ್ಷೆಯೂ ಆಗಿತ್ತು. ಅವನ ಹೆಸರನ್ನು ವಕೀಲರ ಪಟ್ಟಿಯಿಂದಲೇ ತೆಗೆಯಬೇಕು ಅಂತ 1997ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ಕೋರ್ಟು 2004ರಲ್ಲಿ, ತನ್ನದೇ ಬಾಡಿಗೆ ವ್ಯಾಜ್ಯದಲ್ಲಿ ಜಗಳ ಮಾಡಿಕೊಂಡ ಒಬ್ಬ ವಕೀಲನ ವಿಷಯದಲ್ಲಿ, ಅವನು ಅಲ್ಲಿ ಕಕ್ಷಿದಾರನಾಗಿ ಇದ್ದ, ವಕೀಲನಾಗಿ ಅಲ್ಲ ಅಂತ ಬಿಟ್ಟಿತು. 2025ರ ಸೆಪ್ಟೆಂಬರಿನಲ್ಲಿ ಬಂದ ತೀರ್ಪು ನಿಮಗೆ ಇನ್ನೂ ಅಡ್ಡ ಬರುತ್ತದೆ: ದೂರು ಕೊಡುವವರಿಗೂ ವಕೀಲರಿಗೂ ಸಾಮಾನ್ಯವಾಗಿ ವೃತ್ತಿ ಸಂಬಂಧ ಇರಬೇಕು. ನೀವು ಅವರ ಬಾಮೈದ, ಕಕ್ಷಿದಾರ ಅಲ್ಲ.

ಜೊತೆಗೆ, ವಿವಾಹೇತರ ಸಂಬಂಧ 2018ರಿಂದ ಅಪರಾಧವೇ ಅಲ್ಲ. ವಿಚ್ಛೇದನಕ್ಕೆ ಕಾರಣವಾಗಿ ಮಾತ್ರ ಉಳಿದಿದೆ. ಅದಕ್ಕೂ ಒಂದು ವರ್ಷ ಮುಂಚೆ, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ ಅವರು ಹಾಕಿದ್ದ ಕೇಸಿನಲ್ಲೇ ಖಾಸಗಿತನ ಮೂಲಭೂತ ಹಕ್ಕಾಯಿತು. ಸೇನೆಯವರ ಮೇಲೆ ಇಂಥ ಸಂಬಂಧಕ್ಕೆ ಶಿಸ್ತು ಕ್ರಮ ಈಗಲೂ ಆಗಬಹುದು, 2023ರಲ್ಲಿ ಸುಪ್ರೀಂ ಕೋರ್ಟೇ ಸ್ಪಷ್ಟ ಮಾಡಿದೆ. ವಕೀಲರ ಬಗ್ಗೆ ಹಾಗೆ ಹೇಳಿಲ್ಲ. ನನಗೆ ಅದು ಸರಿಯೇ ಅನ್ನಿಸುತ್ತದೆ. ಯಾರ ಮನೆಯೊಳಗೆ ಏನು ನಡೆಯುತ್ತಿದೆ ಅಂತ ಪರಿಷತ್ತು ಇಣುಕಲು ಶುರು ಮಾಡಿದರೆ, ಮೊದಲು ಸಿಕ್ಕಿಬೀಳುವವರು ಪ್ರಭಾವಿ ಸೀನಿಯರ್‌ಗಳಲ್ಲ. ಒಂಟಿಯಾಗಿ ಬದುಕುವ ವಕೀಲೆಯರು, ಜಾತಿ ಮೀರಿ ಮದುವೆಯಾದ ಜೂನಿಯರ್‌ಗಳು.

ಈಗ ಆ ಹೆಂಗಸಿನ ವಿಷಯ. ಅವರು ಭಾವನ ಕಕ್ಷಿದಾರರಾಗಿದ್ದರೆ ಲೆಕ್ಕವೇ ಬೇರೆ. ವಿಚ್ಛೇದನಕ್ಕೋ ಜೀವನಾಂಶಕ್ಕೋ ಬಂದವರು ಮನೆ ಗುಟ್ಟು, ಹಣದ ಕಷ್ಟ, ಮಕ್ಕಳ ಭವಿಷ್ಯ ಎಲ್ಲವನ್ನೂ ವಕೀಲನ ಮುಂದೆ ಸುರಿದಿರುತ್ತಾರೆ. ಮುಂದಿನ ದಿನಾಂಕಕ್ಕೆ ಇವನು ಬರುತ್ತಾನೋ ಇಲ್ಲವೋ ಅನ್ನುವ ಭಯ ಬೇರೆ. ಅಂಥ ಹೊತ್ತಿನಲ್ಲಿ ಅವರು 'ಒಪ್ಪಿದ್ದರು' ಅನ್ನುವ ಮಾತಿಗೆ ಎಷ್ಟು ಬೆಲೆ ಕೊಡಬೇಕು? ಅಮೆರಿಕದ ವಕೀಲರ ಸಂಘದ ಮಾದರಿ ನಿಯಮ ಇದನ್ನು ನೇರವಾಗಿ ನಿಷೇಧಿಸುತ್ತದೆ. ಮೊದಲೇ ಇದ್ದ ಸಂಬಂಧಕ್ಕೆ ಮಾತ್ರ ವಿನಾಯಿತಿ. ನಮ್ಮ ನಿಯಮಗಳಲ್ಲಿ ಅಷ್ಟು ಬಿಡಿಸಿ ಬರೆದಿಲ್ಲ. ಆದರೆ ಕಕ್ಷಿದಾರರು ಇಟ್ಟ ನಂಬಿಕೆಯನ್ನು ದುರುಪಯೋಗ ಮಾಡಿಕೊಳ್ಳಬಾರದು ಅನ್ನುವ ನಿಯಮ ಇದೆ, ಅದು ಸಾಕು. ಆಗ ಖಾಸಗಿತನದ ವಾದ ನಿಲ್ಲುವುದು ಕಷ್ಟ. ಆದರೆ ದೂರು ಸಾಮಾನ್ಯವಾಗಿ ಆ ಹೆಂಗಸಿನಿಂದಲೇ ಬರಬೇಕು. ವಕಾಲತ್ತು, ಫೀಸಿನ ರಸೀದಿ, ಮೆಸೇಜುಗಳು ಕೈಯಲ್ಲಿರಲಿ.

ದೂರು ಅಂದರೆ ಸುಮ್ನೆ ಒಂದು ಪತ್ರ ಅಲ್ಲ. ಸಹಿ ಮಾಡಿ, ದೃಢೀಕರಿಸಿದ ಅರ್ಜಿ, ಜೊತೆಗೆ ಶುಲ್ಕ. ಮೇಲ್ನೋಟಕ್ಕೆ ಹುರುಳಿದೆ ಅನ್ನಿಸಿದರೆ ಮಾತ್ರ ಮೂವರು ಸದಸ್ಯರ ಶಿಸ್ತು ಸಮಿತಿಗೆ ಹೋಗುತ್ತದೆ. ಒಂದು ವರ್ಷದಲ್ಲಿ ಮುಗಿಯದಿದ್ದರೆ ದೆಹಲಿಗೆ, ಭಾರತೀಯ ಪರಿಷತ್ತಿಗೆ. ಇನ್ನೊಂದು, ಬಹಳ ಜನಕ್ಕೆ ಗೊತ್ತಿಲ್ಲದ ಮಾತು: ರಾಜಿ ಆಯಿತು, ದೂರು ವಾಪಸ್ ತಗೊಂಡೆ ಅಂದ ಮಾತ್ರಕ್ಕೆ ವಿಚಾರಣೆ ನಿಲ್ಲುವುದಿಲ್ಲ. ಹೆದರಿಸಿ ದಾರಿಗೆ ತರೋಣ ಅಂತ ದೂರು ಹಾಕುವವರು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ನಿಮ್ಮ ಅಕ್ಕನಿಗೆ ಏನು ಬೇಕು ಅಂತ ಕೇಳಿದ್ದೀರಾ? ಸನ್ನದು ಅಮಾನತಾದರೆ ಭಾವ ಮಾಡುವ ಮೊದಲ ಕೆಲಸ ಕೌಟುಂಬಿಕ ನ್ಯಾಯಾಲಯದಲ್ಲಿ 'ನನಗೆ ಆದಾಯವೇ ಇಲ್ಲ ಸ್ವಾಮಿ' ಅನ್ನುವುದು. ಮನೆ ಖರ್ಚಿಗೆ ದುಡ್ಡು ಬೇಕಿದ್ದರೆ ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಕೆಳಗೆ ಜೀವನಾಂಶ ಕೇಳಲಿ. ವಾಸಕ್ಕೆ ಮನೆ, ರಕ್ಷಣೆ ಬೇಕಿದ್ದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ. ಭಾವ ಆ ಹೆಂಗಸಿಗೆ ತಾಳಿ ಕಟ್ಟಿದ್ದರೆ ಮಾತ್ರ ಬೇರೆ ಕತೆ, ಎರಡನೇ ಮದುವೆ ಏಳು ವರ್ಷದವರೆಗೆ ಜೈಲಿಗೆ ಕಳಿಸುವ ಅಪರಾಧ. ಶಿಕ್ಷೆಯಾದರೆ ಆಗ ಪರಿಷತ್ತಿನ ಮುಂದೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಮತ್ತೆ, ಭಾವನ ಹೆಸರು, ಊರು, ಫೋಟೋ ಯಾವುದನ್ನೂ ಇಲ್ಲಿ ಹಾಕಬೇಡಿ. ಮಾನನಷ್ಟದ ಕೇಸು ಹಾಕಲು ಅವರಿಗೆ ವಕೀಲರನ್ನು ಹುಡುಕುವ ಕೆಲಸವೂ ಇಲ್ಲ.