ನಿಮ್ಮ ಲೇಖನ ಮೂರನೇ ಪುಟದಲ್ಲಿ ಶುರುವಾಗುತ್ತದೆ

ನಮಸ್ಕಾರ.

ನೀವು ಕಳಿಸಿದ 'ತಂತ್ರಜ್ಞಾನ ಮತ್ತು ನಾವು' ಲೇಖನವನ್ನು ಮೂರು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತಿದ್ದೇನೆ, ನೀವು ಉತ್ತರ ಹುಡುಕಿಕೊಂಡು ಕೊನೆಯವರೆಗೂ ಕಾಯುವುದು ಬೇಡ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಅಡಗಿಕೊಂಡಿದೆ. ಅದು ಎಲ್ಲಿದೆ ಅಂತ ತೋರಿಸುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಒಟ್ಟು ಎಂಟು ಪುಟ. ಮೊದಲ ಪುಟ ತಂತ್ರಜ್ಞಾನದ ಯುಗದ ಬಗ್ಗೆ. ಎರಡನೆಯದು ಪಾಡ್‌ಕಾಸ್ಟ್ ಹುಟ್ಟಿದ ಕಥೆ. ಮೂರನೇ ಪುಟದಲ್ಲಿ ನೀವು ಮತ್ತು ನಿಮ್ಮ ಗೆಳೆಯ ಸೇರಿ ಪ್ರತಿ ಭಾನುವಾರ ಮಾಡುವ ಪಾಡ್‌ಕಾಸ್ಟ್ ಬರುತ್ತದೆ, ಅರ್ಧ ಪುಟದಲ್ಲಿ ಮುಗಿದೂ ಹೋಗುತ್ತದೆ. ಆಮೇಲೆ ಕೊನೆಯವರೆಗೂ ಒಂದು ಫೋನು, ಒಂದು ಜೊತೆ ಇಯರ್‌ಬಡ್ಸ್, ಒಂದು ಪವರ್‌ಬ್ಯಾಂಕು, ಒಂದು ಸ್ಮಾರ್ಟ್‌ವಾಚು, ಇವುಗಳ ವಿಮರ್ಶೆ. ಎಲ್ಲಕ್ಕೂ ಐದಕ್ಕೆ ನಾಲ್ಕು ಸ್ಟಾರ್.

ಮೊದಲ ಪುಟ ಪೂರ್ತಿ ತೆಗೆಯಿರಿ. 'ಇಂದಿನ ಯುಗ ತಂತ್ರಜ್ಞಾನದ ಯುಗ' ಅನ್ನುವ ಸಾಲನ್ನು ಯಾರು ಬೇಕಾದರೂ ಬರೆಯಬಹುದು. ನಿಮ್ಮ ಹೆಸರು ಅಳಿಸಿ ಬೇರೆಯವರ ಹೆಸರು ಹಾಕಿದರೂ ಯಾರಿಗೂ ಗೊತ್ತಾಗುವುದಿಲ್ಲ.

ಎರಡನೇ ಪುಟದಲ್ಲಿ ಒಂದು ತಪ್ಪಿದೆ. ಪಾಡ್‌ಕಾಸ್ಟನ್ನು ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಕಂಡುಹಿಡಿದರು ಅಂತ ಬರೆದಿದ್ದೀರಿ. ಆ ಪದ ಮೊದಲು ಕಾಣಿಸಿಕೊಂಡಿದ್ದು 2004ರ ಫೆಬ್ರವರಿಯಲ್ಲಿ, ಬ್ರಿಟನ್ನಿನ 'ಗಾರ್ಡಿಯನ್' ಪತ್ರಿಕೆಗೆ ಬೆನ್ ಹ್ಯಾಮರ್ಸ್ಲಿ ಬರೆದ ಲೇಖನದಲ್ಲಿ. ವೆಬ್‌ಸೈಟಿನಲ್ಲಿ ಹೊಸದಾಗಿ ಬಂದದ್ದನ್ನು ಓದುಗರಿಗೆ ತಾನಾಗಿಯೇ ತಲುಪಿಸುವ ಆರ್‌ಎಸ್‌ಎಸ್ ಫೀಡಿನ ಜೊತೆಗೆ ಆಡಿಯೋ ಫೈಲು ಕಳಿಸುವ ದಾರಿಯನ್ನು ಅಮೆರಿಕದ ಪ್ರೋಗ್ರಾಮರ್ ಡೇವ್ ವೈನರ್ ಅದಕ್ಕೂ ಮುಂಚೆಯೇ ಮಾಡಿಟ್ಟಿದ್ದರು. ಆಪಲ್ ಕಂಪನಿ ಹಾಡು ಕೇಳುವ ತನ್ನ ತಂತ್ರಾಂಶ ಐಟ್ಯೂನ್ಸ್‌ಗೆ ಪಾಡ್‌ಕಾಸ್ಟ್ ಸೇರಿಸಿಕೊಂಡಿದ್ದು 2005ರ ಜೂನ್‌ನಲ್ಲಿ. ಅಂದರೆ ಆಸಕ್ತಿ ಇದ್ದವರು ಮೊದಲು ಮಾಡಿದರು, ದೊಡ್ಡ ಕಂಪನಿ ಆಮೇಲೆ ಬಂತು. ನಿಮ್ಮಂಥ ಹವ್ಯಾಸಿಗಳಿಗೆ ಇದು ಸಣ್ಣ ಸಂಗತಿಯಲ್ಲ, ಅಲ್ವಾ?

ಇತಿಹಾಸ ಬೇಕೇ ಬೇಕು ಅನ್ನಿಸಿದರೆ ಮೈಸೂರಿನದನ್ನು ಹೇಳಿ. 1935ರಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೋ ನಡೆಸಿದರು. ಹಳೇ ಕಾಲದ 40 ವ್ಯಾಟಿನ ಬಲ್ಬಿಗಿಂತ ಕಡಿಮೆ. 'ಆಕಾಶವಾಣಿ' ಎಂಬ ಹೆಸರು ರೇಡಿಯೋಗೆ ಬಂದಿದ್ದೂ ಆ ಮನೆಯಿಂದಲೇ. ಮನೆಯ ಕೋಣೆಯಲ್ಲಿ ಕೂತು ಊರಿನ ಜೊತೆ ಮಾತಾಡುವ ಆಸೆಗೆ ನಮ್ಮಲ್ಲಿ ಇಷ್ಟು ವಯಸ್ಸಾಗಿದೆ. ಆದರೆ ಇದಕ್ಕೆ ಎರಡು ವಾಕ್ಯ ಸಾಕು, ಒಂದು ಪುಟ ಬೇಡ.

ಈಗ ಮೂರನೇ ಪುಟಕ್ಕೆ ಬರುತ್ತೇನೆ. ನೀವು ಬರೆದದ್ದು ಇಷ್ಟು: 'ಮೊದಲ ನಾಲ್ಕು ಎಪಿಸೋಡುಗಳನ್ನು ಇಯರ್‌ಬಡ್ಸ್‌ನಲ್ಲೇ ರೆಕಾರ್ಡ್ ಮಾಡಿದೆವು. ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳಿಸುತ್ತಿತ್ತು. ಆಮೇಲೆ ವೈರ್ ಇರುವ ಮೈಕ್ ತಂದೆವು.' ಮೂರೇ ವಾಕ್ಯ. ಇಡೀ ಎಂಟು ಪುಟದಲ್ಲಿ ನಾನು ಪೆನ್ಸಿಲ್ ತೆಗೆದುಕೊಂಡು ಗೆರೆ ಎಳೆದದ್ದು ಇಲ್ಲಿ. ನಿಮ್ಮ ಕಿವಿ ಕೆಲಸ ಮಾಡಿದ್ದು ಇಲ್ಲಿ. ಲೇಖನ ಇಲ್ಲಿಂದ ಶುರುವಾಗಬೇಕು.

ಯಾಕೆ ಬಾವಿಯೊಳಗಿಂದ ಮಾತಾಡಿದ ಹಾಗಾಯಿತು? ಇದನ್ನು ನೀವು ಕೇಳಿಕೊಳ್ಳಲೇ ಇಲ್ಲ. ಉತ್ತರ ಸುಂದರವಾಗಿದೆ. ಬ್ಲೂಟೂತ್‌ನಲ್ಲಿ ಹಾಡು ಕೇಳುವಾಗ ಸದ್ದು ಒಂದೇ ಕಡೆಗೆ ಹರಿಯುತ್ತದೆ, ಫೋನಿನಿಂದ ಕಿವಿಗೆ. ಮೈಕ್ ಆನ್ ಮಾಡಿದ ಕೂಡಲೇ ಅದು ಫೋನ್ ಕರೆಯ ರೀತಿಗೆ ಬದಲಾಗುತ್ತದೆ. ಆಗ ನಿಮ್ಮ ದನಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 8,000 ಸಲ, ಇಲ್ಲವೇ 16,000 ಸಲ ಅಳೆಯಲಾಗುತ್ತದೆ. ಸಿಡಿಯಲ್ಲಿ ಇದೇ ಲೆಕ್ಕ 44,100. ಎಷ್ಟು ಸಲ ಅಳೆಯುತ್ತದೆಯೋ ಅದರ ಅರ್ಧದಷ್ಟು ಕಂಪನದವರೆಗೆ ಮಾತ್ರ ಸದ್ದು ಉಳಿಯುತ್ತದೆ. 8,000 ಸಲ ಅಳೆದರೆ 4,000 ಹರ್ಟ್ಸ್‌ಗಿಂತ, ಅಂದರೆ ಸೆಕೆಂಡಿಗೆ 4,000 ಕಂಪನಕ್ಕಿಂತ, ಮೇಲಿನದೆಲ್ಲ ಹೋಯಿತು. 'ಸ' ಅಕ್ಷರ ಹೇಳುವಾಗ ಹಲ್ಲಿನ ಸಂದಿಯಿಂದ ಬರುವ ಸೀಟಿಯಂಥ ಸದ್ದು ಹೆಚ್ಚಾಗಿ ಇರುವುದೇ ಅದಕ್ಕಿಂತ ಮೇಲೆ. ಹಾಗಾಗಿ 'ಸ'ಗೂ 'ಶ'ಗೂ ವ್ಯತ್ಯಾಸ ಮಸುಕಾಗುತ್ತದೆ. 'ಸಾಲು' ಅಂದಿದ್ದೋ 'ಶಾಲು' ಅಂದಿದ್ದೋ ಅಂತ ಕೇಳುವವರು ಕಿವಿ ಚೂಪು ಮಾಡಬೇಕಾಗುತ್ತದೆ. ಹೊಸದಾಗಿ ಬರುತ್ತಿರುವ 'ಎಲ್ಇ ಆಡಿಯೋ' ಎಂಬ ಬ್ಲೂಟೂತ್ ರೂಪದಲ್ಲಿ ಇದು ಸುಧಾರಿಸುತ್ತಿದೆ, ಆದರೆ ಫೋನು, ಬಡ್ಸ್ ಎರಡರಲ್ಲೂ ಆ ಸೌಲಭ್ಯ ಇರಬೇಕು.

ಈಗ ಐದನೇ ಪುಟ ತೆಗೆಯಿರಿ. ಅದೇ ಇಯರ್‌ಬಡ್ಸ್‌ನ ವಿಮರ್ಶೆ. 'ಮೈಕ್ ಗುಣಮಟ್ಟ ಅತ್ಯುತ್ತಮ, ಧ್ವನಿ ಸ್ಫಟಿಕದಷ್ಟು ಸ್ಪಷ್ಟ' ಅಂತ ಬರೆದಿದ್ದೀರಿ. ಎರಡು ಪುಟದ ಹಿಂದೆ ಬಾವಿಯೊಳಗಿಂದ ಕೇಳಿಸಿದ್ದು ಇಲ್ಲಿ ಸ್ಫಟಿಕ ಆಗಿದ್ದು ಹೇಗೆ? ನೀವು ಸುಳ್ಳು ಹೇಳಿದ್ದೀರಿ ಅಂತ ನಾನು ಅಂದುಕೊಂಡಿಲ್ಲ. ಮೂರನೇ ಪುಟ ಬರೆಯುವಾಗ ನೀವು ನೆನಪಿಸಿಕೊಳ್ಳುತ್ತಿದ್ದಿರಿ. ಐದನೇ ಪುಟ ಬರೆಯುವಾಗ ಡಬ್ಬಿಯ ಮೇಲಿನ ಮಾತನ್ನು ನೋಡುತ್ತಿದ್ದಿರಿ. ವಿಮರ್ಶೆ ಅಂದರೆ ಹೀಗಿರಬೇಕು ಅಂತ ಎಲ್ಲೋ ಓದಿದ ರೂಪ ನಿಮ್ಮ ಕೈ ಹಿಡಿದುಕೊಂಡಿತು. ನಿಮಗೆ ಹೇಳಬೇಕಾಗಿರುವ ಮುಖ್ಯ ಮಾತು ಇದೊಂದೇ. ನಿಮ್ಮ ಹತ್ತಿರ ಸ್ವಂತ ಅನುಭವ ಇದೆ, ಅದನ್ನು ನೀವೇ ನಂಬುತ್ತಿಲ್ಲ.

ಯೋಚನೆ ಮಾಡಿ. ಇಯರ್‌ಬಡ್ಸ್ ಕೊಳ್ಳುವವರು ಹೆಚ್ಚಿನವರು ತಮ್ಮ ದನಿ ಆ ಕಡೆಯವರಿಗೆ ಹೇಗೆ ಕೇಳಿಸುತ್ತಿದೆ ಅಂತ ಯಾವತ್ತೂ ಕೇಳಿಸಿಕೊಳ್ಳುವುದೇ ಇಲ್ಲ. ನೀವು ಕೇಳಿಸಿಕೊಂಡಿದ್ದೀರಿ, ನಾಲ್ಕು ಎಪಿಸೋಡು ಪೂರ್ತಿ, ಎಡಿಟ್ ಮಾಡುತ್ತಾ, ಹಿಂದೆ ಮುಂದೆ ಓಡಿಸುತ್ತಾ. ಪಾಡ್‌ಕಾಸ್ಟ್ ಮಾಡುವವರು ಒಂದು ಗ್ಯಾಜೆಟ್ ಬಗ್ಗೆ ಬರೆದರೆ ಸಿಗುವ ವಿಶೇಷ ಇದೇ. ಹವ್ಯಾಸದ ಕಥೆ ಒಂದು ಕಡೆ, ವಿಮರ್ಶೆ ಇನ್ನೊಂದು ಕಡೆ ಅಂತ ನೀವು ಪಾಲು ಮಾಡಿಬಿಟ್ಟಿದ್ದೀರಿ. ಎರಡನ್ನೂ ಒಂದೇ ಮಾಡಿ.

ನಿಮ್ಮ ಗೆಳೆಯ ಬಟ್ಟೆ ಬೀರುವಿನ ಬಾಗಿಲು ತೆರೆದು, ಅದರೊಳಗೆ ಮುಖ ಮಾಡಿಕೊಂಡು ರೆಕಾರ್ಡ್ ಮಾಡುತ್ತಾರೆ ಅಂತ ಒಂದು ಕಡೆ ಸುಮ್ನೆ ಹೇಳಿ ಮುಂದೆ ಹೋಗಿದ್ದೀರಿ. ಅಲ್ಲಿ ನಿಲ್ಲಿ. ಎಷ್ಟು ಹೊತ್ತಿಗೆ ಕೂರುತ್ತಾರೆ? ಫ್ಯಾನು ಆಫ್ ಮಾಡುತ್ತಾರಾ? ಏಪ್ರಿಲ್ ತಿಂಗಳಲ್ಲೂ? ಖಾಲಿ ಗೋಡೆಗೆ ಬಡಿದು ವಾಪಸ್ ಬರುವ ದನಿಯನ್ನು ನೇತುಹಾಕಿದ ಸೀರೆ, ಶರ್ಟು, ಕಂಬಳಿ ಹೀರಿಕೊಳ್ಳುತ್ತವೆ. ಸ್ಟುಡಿಯೋ ಗೋಡೆಗೆ ಅಂಟಿಸುವ ಸಾವಿರಾರು ರೂಪಾಯಿಯ ಫೋಮ್ ಮಾಡುವ ಕೆಲಸದ ಬಹುಪಾಲನ್ನು ಅಮ್ಮನ ಸೀರೆಗಳು ಮಾಡುತ್ತಿವೆ. ಓದುಗರಿಗೆ ಇದನ್ನು ಹೇಳಿದರೆ ಅವರ ದುಡ್ಡು ಉಳಿಯುತ್ತದೆ.

ಮೈಕ್ ವಿಷಯವೂ ಹಾಗೇ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಮೊದಲು ಕಂಡೆನ್ಸರ್ ಮೈಕ್ ತಂದಿರಿ, ಅದು ಪಕ್ಕದ ಮನೆಯ ಕುಕ್ಕರ್ ಸೀಟಿಯನ್ನೂ ಹಿಡಿಯಿತು, ಆಮೇಲೆ ಡೈನಮಿಕ್ ಮೈಕ್‌ಗೆ ಬದಲಾಯಿಸಿದಿರಿ. ಇದೆಲ್ಲ ನಿಮ್ಮ ಲೇಖನದಲ್ಲಿ ಒಂದೂವರೆ ಸಾಲು. ಕಂಡೆನ್ಸರ್ ಮೈಕ್ ಸಣ್ಣ ಸದ್ದಿಗೂ ಸ್ಪಂದಿಸುತ್ತದೆ. ಸದ್ದಿಲ್ಲದ ಸ್ಟುಡಿಯೋದಲ್ಲಿ ಅದೇ ಅದರ ಗುಣ, ವಠಾರದ ಮನೆಯಲ್ಲಿ ಅದೇ ಕಷ್ಟ. ಡೈನಮಿಕ್ ಮೈಕ್‌ಗೆ ಬಾಯಿ ನಾಲ್ಕು ಬೆರಳಷ್ಟು ಹತ್ತಿರ ತರಬೇಕು, ಆಗ ದೂರದ ಸದ್ದು ಹಿಂದೆ ಸರಿಯುತ್ತದೆ. ಹತ್ತಿರ ತಂದರೆ ಇನ್ನೊಂದು ತೊಂದರೆ. ಅಂಗೈಯನ್ನು ಬಾಯಿ ಮುಂದೆ ಹಿಡಿದು ಮೊದಲು 'ನಾನು' ಅನ್ನಿ, ಆಮೇಲೆ 'ಫಲಪುಷ್ಪ' ಅನ್ನಿ. ಎರಡನೆಯದರಲ್ಲಿ ಕೈಗೆ ಗಾಳಿ ಬಡಿಯುತ್ತದೆ. ಆ ಗಾಳಿಯೇ ರೆಕಾರ್ಡಿಂಗಿನಲ್ಲಿ 'ಧಬ್' ಅಂತ ಕೇಳಿಸುವುದು. ಮೈಕನ್ನು ಬಾಯಿಗೆ ನೇರ ಇಡದೆ ಸ್ವಲ್ಪ ಓರೆಯಾಗಿ ಇಟ್ಟರೆ ಅದು ಎಷ್ಟೋ ಕಡಿಮೆಯಾಗುತ್ತದೆ. ಇಂಥದ್ದನ್ನು ಬರೆಯಿರಿ. ಓದುವವರು ಓದುತ್ತಲೇ ಅಂಗೈ ಎತ್ತಿ ನೋಡುತ್ತಾರೆ.

ಇನ್ನು ಪವರ್‌ಬ್ಯಾಂಕ್. '10,000 ಎಂಎಎಚ್ ಇರುವುದರಿಂದ 5,000 ಎಂಎಎಚ್ ಫೋನನ್ನು ಎರಡು ಸಲ ಪೂರ್ತಿ ಚಾರ್ಜ್ ಮಾಡಬಹುದು' ಅಂದಿದ್ದೀರಿ. ಮಾಡಿ ನೋಡಿದಿರಾ? ಮಾಡಿದ್ದರೆ ಈ ವಾಕ್ಯ ಬರೆಯುತ್ತಿರಲಿಲ್ಲ. ಆ 10,000 ಅನ್ನುವುದು ಒಳಗಿನ ಬ್ಯಾಟರಿಯ ಲೆಕ್ಕ, ಸುಮಾರು 3.7 ವೋಲ್ಟ್‌ನಲ್ಲಿ. ಹೊರಗೆ ಬರುವುದು 5 ವೋಲ್ಟ್‌ನಲ್ಲಿ. ಹಾಗೆ ಏರಿಸಿದಾಗಲೇ ಅದು 7,400ಕ್ಕೆ ಇಳಿಯುತ್ತದೆ. ಅದರಲ್ಲೂ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. ಪವರ್‌ಬ್ಯಾಂಕನ್ನು ತಿರುಗಿಸಿ, ಹಿಂದೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ 'ರೇಟೆಡ್ ಕೆಪಾಸಿಟಿ' ಅಂತ ಇರುತ್ತದೆ, ಸಾಮಾನ್ಯವಾಗಿ ಆರು ಸಾವಿರದ ಆಸುಪಾಸು. ಫೋನಿನ 5,000 ಕೂಡ ಅಂಥದ್ದೇ ಒಳಗಿನ ಬ್ಯಾಟರಿಯ ಲೆಕ್ಕ, 5 ವೋಲ್ಟ್‌ನಲ್ಲಿ ಅದು ಸುಮಾರು 3,800. ಫೋನಿನೊಳಗೂ ಸ್ವಲ್ಪ ನಷ್ಟ ಆಗುತ್ತದೆ. ನಿಜವಾಗಿ ಸಿಗುವುದು ಹೆಚ್ಚುಕಡಿಮೆ ಒಂದೂವರೆ ಸಲ. ಇದು ಮೋಸ ಅಂತ ನಾನು ಹೇಳುತ್ತಿಲ್ಲ. ಓದುಗರಿಗೆ ಈ ಲೆಕ್ಕ ಬಿಡಿಸಿ ಹೇಳುವುದು ನಿಮ್ಮ ಕೆಲಸ, ಡಬ್ಬಿಯ ಮೇಲಿನ ಸಂಖ್ಯೆಯನ್ನು ಎರಡನೇ ಸಲ ಅಚ್ಚು ಮಾಡುವುದು ಅಲ್ಲ.

ಸ್ಮಾರ್ಟ್‌ವಾಚ್ ಭಾಗ ಬಿಟ್ಟುಬಿಡಿ. ಅದನ್ನು ಸಹೋದ್ಯೋಗಿಯ ಕೈಯಲ್ಲಿ ನೋಡಿದ್ದಷ್ಟೇ ಅಂತ ನೀವೇ ಬರೆದಿದ್ದೀರಿ.

ಫೋನಿನ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನನಗೂ ಇದರಿಂದ ಬೇಜಾರಾಗಿದೆ. ಕೆಲವು ವರ್ಷದ ಹಿಂದೆ ಒಂದು ವಿಮರ್ಶೆ ಓದಿ ಅಮ್ಮನಿಗೆ ಫೋನ್ ತಂದುಕೊಟ್ಟೆ. ಬೆರಳು ಇಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲಾಕ್ ತೆರೆಯುತ್ತದೆ ಅಂತ ಅದರಲ್ಲಿತ್ತು. ಅಮ್ಮನ ಬೆರಳಿಗೆ ತೆರೆಯಲೇ ಇಲ್ಲ. ಜೀವನವಿಡೀ ಪಾತ್ರೆ ತಿಕ್ಕಿ, ಹುಣಸೆಹಣ್ಣು ಕಿವುಚಿ ಆ ಬೆರಳಿನ ಗೆರೆಗಳು ಸವೆದಿದ್ದವು. ಮತ್ತೆ ಮತ್ತೆ ಬೆರಳು ಸೆರಗಿಗೆ ಒರೆಸಿಕೊಂಡು ಇಡುತ್ತಿದ್ದರು. ತಪ್ಪು ತಮ್ಮದೇ ಅಂದುಕೊಂಡಿದ್ದರು. ಕೊನೆಗೆ ನಾಲ್ಕು ಅಂಕಿಯ ಪಿನ್ ಹಾಕಿಕೊಟ್ಟೆ. ವಿಮರ್ಶೆ ಬರೆದವರು ಆ ಫೋನನ್ನು ತಮ್ಮ ಮನೆಯ ಹಿರಿಯರ ಕೈಗೆ ಒಂದು ದಿನ ಕೊಟ್ಟಿದ್ದರೆ ಸಾಕಿತ್ತು. ನೀವು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಪ್ರೊಸೆಸರ್ ಯಾವುದು ಅಂತ ಅರ್ಧ ಪುಟ ಬರೆದಿದ್ದೀರಿ. ಅದೆಲ್ಲ ಅಂಗಡಿಯಲ್ಲೇ ಸಿಗುತ್ತದೆ. ಕನ್ನಡದಲ್ಲಿ ಟೈಪ್ ಮಾಡಲು ಸುಲಭವೇ? ಬಿಸಿಲಲ್ಲಿ ಬಸ್‌ಸ್ಟಾಪಿನಲ್ಲಿ ನಿಂತರೆ ಪರದೆ ಕಾಣುತ್ತದೆಯೇ? ಆರು ತಿಂಗಳಾದ ಮೇಲೂ ಬ್ಯಾಟರಿ ಸಂಜೆಯವರೆಗೆ ಬರುತ್ತದೆಯೇ? ನೀವು ಎಷ್ಟು ದಿನ ಬಳಸಿದಿರಿ ಅನ್ನುವುದೇ ಲೇಖನದಲ್ಲಿ ಇಲ್ಲ.

ಇನ್ನೊಂದು ಪ್ರಶ್ನೆ, ನೇರವಾಗಿ ಕೇಳುತ್ತೇನೆ. ಇವೆಲ್ಲ ನಿಮ್ಮ ದುಡ್ಡಿನಲ್ಲಿ ಕೊಂಡದ್ದಾ, ಯಾರಾದರೂ ಕಳಿಸಿದ್ದಾ? ಕಳಿಸಿದ್ದರೆ ಅದು ಅಪರಾಧವಲ್ಲ. ಆದರೆ ಹೇಳಲೇಬೇಕು, ಲೇಖನದಲ್ಲೂ, ಪಾಡ್‌ಕಾಸ್ಟಿನಲ್ಲೂ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಇದಕ್ಕೆ ಮಾರ್ಗಸೂಚಿಯನ್ನೇ ಹೊರಡಿಸಿದೆ. ದುಡ್ಡು, ಉಡುಗೊರೆ, ರಿಯಾಯಿತಿ, ಉಚಿತ ವಸ್ತು ಏನೇ ಸಿಕ್ಕಿದ್ದರೂ ಸರಳವಾಗಿ, ಸ್ಪಷ್ಟವಾಗಿ ತಿಳಿಸಬೇಕು. ನಿಮ್ಮ ಕೇಳುಗರು ಅರವತ್ತು ಜನ ಅಂದಿದ್ದೀರಿ. ಅರವತ್ತು ಜನರ ನಂಬಿಕೆಯೂ ನಂಬಿಕೆಯೇ.

ಆ ಅರವತ್ತರಲ್ಲಿ ಒಬ್ಬರು ಬೆಳಗ್ಗೆ ಡೇರಿಗೆ ಹಾಲು ಹಾಕಲು ಹೋಗುವಾಗ ಜೇಬಿನಲ್ಲಿ ಫೋನ್ ಇಟ್ಟುಕೊಂಡು ಕೇಳುತ್ತಾರೆ ಅಂತ ಬರೆದಿದ್ದೀರಿ. ಓದಿ ತುಂಬಾ ಖುಷಿಯಾಯಿತು. ಅವರ ಬಗ್ಗೆ ಇನ್ನಷ್ಟು ಬೇಕು. ಅವರು ಕೇಳುವುದು ಫೋನಿನ ಪುಟ್ಟ ಸ್ಪೀಕರಿನಲ್ಲಿ, ಕ್ಯಾನುಗಳ ಸದ್ದಿನ ನಡುವೆ. ಆ ಸ್ಪೀಕರಿನಲ್ಲಿ ತಗ್ಗಿನ ದನಿ ಬರುವುದೇ ಇಲ್ಲ. ಹೆಡ್‌ಫೋನ್ ಹಾಕಿಕೊಂಡು ಎಡಿಟ್ ಮಾಡಿ 'ಗಂಭೀರ ದನಿ ಬಂತು' ಅಂತ ನೀವು ಸಂತೋಷಪಟ್ಟಿದ್ದು ಅವರಿಗೆ ತಲುಪಿದೆಯೇ? ಮುಂದಿನ ಎಪಿಸೋಡನ್ನು ಹಾಕುವ ಮುಂಚೆ ಒಮ್ಮೆ ಫೋನನ್ನು ಜೇಬಿನಲ್ಲಿಟ್ಟುಕೊಂಡು, ಅಡುಗೆಮನೆ ನಲ್ಲಿ ಬಿಟ್ಟು ಕೇಳಿ ನೋಡಿ. ಏನು ಕೇಳಿಸಿತು ಅಂತ ಬರೆಯಿರಿ.

ಭಾಷೆಯ ಬಗ್ಗೆ ಸ್ವಲ್ಪ. ಮೈಕ್ ಅನ್ನು 'ಧ್ವನಿಗ್ರಾಹಕ' ಅಂತ ಬರೆದಿದ್ದೀರಿ, ಇಯರ್‌ಬಡ್ಸ್ ಅನ್ನು ಒಂದು ಕಡೆ 'ಕರ್ಣಸಾಧನ' ಅಂದಿದ್ದೀರಿ. ನಿಮ್ಮ ಪಾಡ್‌ಕಾಸ್ಟಿನಲ್ಲಿ ಹೀಗೆ ಮಾತಾಡುತ್ತೀರಾ? ಇಲ್ಲ ತಾನೆ. ಮೈಕ್ ಅಂತಲೇ ಬರೆಯಿರಿ. ಇನ್ನೊಂದು ಕಡೆ 'ಓವರಾಲ್ ಎಕ್ಸ್‌ಪೀರಿಯನ್ಸ್ ಸೀಮ್‌ಲೆಸ್ ಆಗಿದೆ' ಅಂತಿದೆ. ಇದರಲ್ಲಿ 'ಆಗಿದೆ' ಬಿಟ್ಟರೆ ಕನ್ನಡವೂ ಇಲ್ಲ, ಸುದ್ದಿಯೂ ಇಲ್ಲ. ಏನಾಯಿತು ಅಂತ ಹೇಳಿ. ಡಬ್ಬಿ ತೆರೆದ ಕೂಡಲೇ ಫೋನಿಗೆ ಸೇರಿಕೊಂಡಿತಾ? ಬಸ್ಸಿನಲ್ಲಿ ಕೂತಾಗ ಮಧ್ಯೆ ಮಧ್ಯೆ ಬಿಟ್ಟುಹೋಯಿತಾ?

ಹೊಸದಾಗಿ ಬರೆಯುವಾಗ ಹಳೆಯ ಫೈಲನ್ನು ತೆರೆದುಕೊಳ್ಳಬೇಡಿ. ಬಾವಿಯಿಂದ ಶುರು ಮಾಡಿ. ಇಯರ್‌ಬಡ್ಸ್ ಒಂದನ್ನೇ ಇಟ್ಟುಕೊಳ್ಳಿ, ಬೇಕಿದ್ದರೆ ಮೈಕ್ ಜೊತೆಗಿರಲಿ. ಫೋನು, ಪವರ್‌ಬ್ಯಾಂಕಿಗೆ ಇನ್ನೊಂದು ಲೇಖನ ಮಾಡೋಣ. ಸ್ಟಾರ್ ಕೊಡುವುದು ಬೇಡ. ಸಾವಿರ ಪದ ಸಾಕು, ಒಂದು ತಿಂಗಳು ತೆಗೆದುಕೊಳ್ಳಿ.

ಲೇಖನದ ಜೊತೆ ಎರಡು ಆಡಿಯೋ ತುಣುಕು ಕಳಿಸಿ. ಮೊದಲ ಎಪಿಸೋಡಿನ ಒಂದು ನಿಮಿಷ, ವೈರ್ ಮೈಕ್ ತಂದ ಮೇಲಿನ ಒಂದು ನಿಮಿಷ. ಆ 'ಸ' ಎಲ್ಲಿ ಹೋಗಿತ್ತು, ಹೇಗೆ ವಾಪಸ್ ಬಂತು ಅಂತ ನಾನೂ ಕೇಳಬೇಕು.