ಕಾನ್ಫರೆನ್ಸ್ ಕ್ರಾಸ್ ಕಂಟ್ರಿ: ಸಮಯ ಕೂಡಿಸಿದರೆ ಸಾಲದು

ಕ್ರಾಸ್ ಕಂಟ್ರಿಯಲ್ಲಿ (ಬಯಲು, ಏರುತಗ್ಗಿನ ಹಾದಿಯ ದೂರದ ಓಟ) ಪ್ರತಿ ತಂಡದ ಐವರ ಸೀಸನ್ ಬೆಸ್ಟ್ (ಆ ಋತುವಿನ ಅತ್ಯುತ್ತಮ) ಸಮಯ ಕೂಡಿಸಿ, ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ) ಕಾನ್ಫರೆನ್ಸ್, ಅಂದರೆ ಕಾಲೇಜುಗಳ ಒಂದು ಗುಂಪಿನ ಕೂಟ, ಗೆಲ್ಲುವ ತಂಡವನ್ನು ಹೇಳಬಹುದೇ ಅಂತ ಕೇಳಿದ್ದೀರಿ. ಕಷ್ಟ. ಇಲ್ಲಿ ಅಂಕ ಸಮಯಕ್ಕಲ್ಲ, ಸ್ಥಾನಕ್ಕೆ. ಮೊದಲ ಐವರ ಸ್ಥಾನ ಕೂಡಿಸಿ, ಮೊತ್ತ ಕಡಿಮೆ ಇದ್ದವರು ಗೆಲ್ಲುತ್ತಾರೆ. 1, 2, 4, 18, 25 ಬಂದ ತಂಡಕ್ಕೆ 50. 6, 7, 9, 11, 13 ಬಂದದ್ದಕ್ಕೆ 46. ಮೊದಲ ತಂಡದ ಮುಂಚೂಣಿಯ ಮೂವರು ಎಷ್ಟೇ ಅಂತರದಲ್ಲಿ ಮುಂದಿದ್ದರೂ ಕಪ್ ಎರಡನೇ ತಂಡಕ್ಕೇ. ಹಾಗಾಗಿ ಮೊದಲು ನಾಲ್ಕನೇ, ಐದನೇ ಓಟಗಾರರನ್ನು ನೋಡಿ.

ಬೇರೆ ಬೇರೆ ಕೋರ್ಸಿನ 8 ಕಿ.ಮೀ. ಸಮಯಗಳನ್ನು ಪಕ್ಕಪಕ್ಕ ಇಡಬೇಡಿ; ಏರು, ಕೆಸರು, ಗಾಳಿ ಎಲ್ಲ ಸೇರಿ ಲೆಕ್ಕ ಕೆಡಿಸುತ್ತವೆ. ಎಲ್ಲರೂ ಓಡಿದ ದೊಡ್ಡ ಇನ್ವಿಟೇಷನಲ್ (ಹಲವು ಕಾಲೇಜುಗಳನ್ನು ಕರೆದು ನಡೆಸುವ ಕೂಟ) ಇದ್ದರೆ, ಉದಾಹರಣೆಗೆ ಮ್ಯಾಡಿಸನ್‌ನಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ನಡೆಸುವಂಥದ್ದು, ಅದರ ಫಲಿತಾಂಶ ತೆಗೆದು, ನಿಮ್ಮ ಕಾನ್ಫರೆನ್ಸಿನವರನ್ನಷ್ಟೇ ಉಳಿಸಿ ಮತ್ತೆ 1ರಿಂದ ಸ್ಥಾನ ಕೊಡಿ. ಪ್ರತಿ ತಂಡದಿಂದ ಏಳು ಮಂದಿ ಮಾತ್ರ. ಆರನೇ, ಏಳನೆಯವರಿಗೆ ಅಂಕವಿಲ್ಲ, ಆದರೆ ಎದುರಾಳಿಯ ಐದನೆಯವನನ್ನು ಹಿಂದಕ್ಕೆ ತಳ್ಳುತ್ತಾರೆ. ಎಂಟನೆಯವನನ್ನು ಅಳಿಸಲು ಮರೆತರೆ ಬೇರೆ ತಂಡಗಳ ಮೊತ್ತ ಸುಮ್ಮನೆ ಉಬ್ಬುತ್ತದೆ.

ಇನ್ನೊಂದು. ಕಾನ್ಫರೆನ್ಸ್ ಆದ ಸುಮಾರು ಎರಡು ವಾರಕ್ಕೆ ರೀಜನಲ್ (ನ್ಯಾಷನಲ್ಸ್ ಅಂದರೆ ರಾಷ್ಟ್ರೀಯ ಕೂಟಕ್ಕೆ ಅರ್ಹತೆ ಕೊಡುವ ಪ್ರಾದೇಶಿಕ ಓಟ) ಬರುತ್ತದೆ, ಗಂಡಸರಿಗೆ 10 ಕಿ.ಮೀ. ನ್ಯಾಷನಲ್ಸ್ ಮೇಲೆ ಕಣ್ಣಿಟ್ಟ ಕೋಚ್ ಕಾನ್ಫರೆನ್ಸಿನಲ್ಲಿ ಒಬ್ಬಿಬ್ಬರನ್ನು ಕೂರಿಸಿಬಿಡಬಹುದು. ಎಂಟ್ರಿ ಪಟ್ಟಿ ಬಂದ ಮೇಲೆ ಇಡೀ ಲೆಕ್ಕ ಇನ್ನೊಮ್ಮೆ ಹಾಕಿ.