ಫ್ಯೂಚರಾಮಾ ಬರೀ ನಗೋದಕ್ಕೆ ಅಲ್ಲ

ಅಮೆರಿಕದ ಕಾರ್ಟೂನ್ ಧಾರಾವಾಹಿ ಫ್ಯೂಚರಾಮಾ ಬರೀ ತಮಾಷೆನಾ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. 1999ರ ಮೊದಲ ಕಂತಿನಿಂದಲೇ ನೋಡಿ. ಪಿಜ್ಜಾ ಕೊಡಲು ಹೋದ ಫ್ರೈ ಹೆಪ್ಪುಗಟ್ಟಿ, ಸಾವಿರ ವರ್ಷ ಆದಮೇಲೆ ಏಳುತ್ತಾನೆ. ಆಮೇಲೆ ನಗುವೋ ನಗು.

ಆದರೆ 2002ರಲ್ಲಿ ಬಂದ ನಾಯಿಯ ಕಂತೇ ಬೇರೆ. ಫ್ರೈ ಸಾಕಿದ್ದ ಸೀಮೋರ್ ಪಿಜ್ಜಾ ಅಂಗಡಿ ಮುಂದೆ ಅವನಿಗಾಗಿ ಕಾಯುತ್ತಾ ಕೂತೇ ಇರುತ್ತದೆ. ಅಂಗಡಿಯವನಿಗೂ ವಯಸ್ಸಾಗುತ್ತದೆ. 12 ವರ್ಷ! ಕೊನೆಯಲ್ಲಿ ಮಾತೇ ಇಲ್ಲ, ಹಾಡು ಮಾತ್ರ. ಮೆಲ್ಲಗೆ ತಲೆ ಇಟ್ಟು ಕಣ್ಣು ಮುಚ್ಚುತ್ತದೆ.

ತುಮಕೂರಿನ ನಮ್ಮ ಮನೆ ಗೇಟಿನ ಹತ್ತಿರ ಒಂದು ಬೀದಿನಾಯಿ ಮಲಗುತ್ತದೆ. ಆ ಕಂತು ನೋಡಿದ ರಾತ್ರಿ ಉಳಿದಿದ್ದ ಅರ್ಧ ಮುದ್ದೆ ತಗೊಂಡು ಹೋಗಿ ಹಾಕಿದೆ. ಅದು ತಿಂದು ಮುಗಿಸುವವರೆಗೂ ಸುಮ್ನೆ ಪಕ್ಕದಲ್ಲೇ ಕೂತಿದ್ದೆ.

ಲೆಕ್ಕ ಇಷ್ಟ ಅಲ್ವಾ ನಿಮಗೆ? ಹಾಗಾದರೆ ಮೈ ಅದಲುಬದಲಾಗುವ 2010ರ ಕಂತನ್ನೂ ಬಿಡಬೇಡಿ. ಅದಕ್ಕಾಗಿ ಬರಹಗಾರ ಕೆನ್ ಕೀಲರ್ ಗಣಿತದ ಹೊಸ ಪ್ರಮೇಯವನ್ನೇ ಸಾಧಿಸಿದರು.